ಅಂಗೈಯಗಲದ ಅಶ್ವದಳ

ಚದುರಂಗ ಎಂದರೆ ಏನೆಂದು ಈ ಸಂಚಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯವೇ ಆ ಆಟಕ್ಕೆ ಹೆಸರು ಕೊಟ್ಟಿತು. ನಮ್ಮ ದೇಶದಲ್ಲಿ ಹುಟ್ಟಿದ ಈ ಆಟ ಪರ್ಷಿಯಾ ಹಾಗೂ ಅರಬ್ಬರ ನಾಡುಗಳನ್ನು ದಾಟಿ ಯುರೋಪು ಸೇರಿತು. ಅಲ್ಲಿ ಅದು ಇನ್ನೊಂದು ದಾರಿಯನ್ನೂ ಹಿಡಿಯಿತು. ಆ ದಾರಿಯಲ್ಲಿ ಹುಟ್ಟಿದ ಹವ್ಯಾಸವೊಂದನ್ನು ನಾನು ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಹಿಂದಿನ ಕಾಲದ ಅಶ್ವದಳಗಳ ಪುಟ್ಟ ಬೊಂಬೆಗಳಿಗೆ ಬಣ್ಣ ಹಚ್ಚುವುದು, ಅವುಗಳನ್ನು ಮೇಜಿನ ಮೇಲೆ ನಿಲ್ಲಿಸಿ ನಡೆದುಹೋದ ಯುದ್ಧಗಳನ್ನು ನಿಯಮಬದ್ಧವಾಗಿ ಆಡಿ ನೋಡುವುದು, ಇಷ್ಟೇ ಅದರ ಸ್ವರೂಪ. ಮಕ್ಕಳಾಟವೆಂದು ನಗುವವರಿದ್ದಾರೆ. ಆದರೆ ಯುದ್ಧವೆಂದರೆ ಇಸವಿ, ಕಾರಣ, ಪರಿಣಾಮ ಎಂದಷ್ಟೇ ಓದಿಕೊಂಡಿದ್ದ ನನಗೆ, ಆ ಯುದ್ಧದಲ್ಲಿ ಕುದುರೆ ಏನಾಯಿತು, ಸವಾರ ಏನಾದ ಎಂದು ಕೇಳುವ ಅಭ್ಯಾಸ ಬಂದದ್ದು ಇದರಿಂದಲೇ.

ಜರ್ಮನಿಯ ಬ್ರನ್ಸ್‌ವಿಕ್‌ನಲ್ಲಿ ಹೆಲ್ವಿಗ್ ಎಂಬ ಗಣಿತದ ಮೇಷ್ಟ್ರು ಇದ್ದರು. ಚದುರಂಗವನ್ನೇ ಹಿಗ್ಗಿಸಿ 1,617 ಮನೆಗಳ ಯುದ್ಧದ ಆಟವೊಂದನ್ನು ಅವರು 1780ರಲ್ಲಿ ಪ್ರಕಟಿಸಿದರು. ಬೆಟ್ಟ, ನದಿ, ಕಾಡುಗಳಿಗೆ ಬೇರೆ ಬೇರೆ ಬಣ್ಣದ ಮನೆಗಳಿದ್ದವು. ಅದೇ ವರ್ಷ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಯ್ಲಿಯ ಪಡೆಯನ್ನು ಸೋಲಿಸಿತು. ಒಂದಕ್ಕೊಂದು ಸಂಬಂಧವಿಲ್ಲದಿದ್ದರೂ ಈ ಎರಡು ಘಟನೆಗಳನ್ನು ನಾನು ಒಟ್ಟಿಗೆ ನೆನಪಿಟ್ಟುಕೊಂಡಿದ್ದೇನೆ. ಮುಂದೆ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಚೌಕಮನೆಗಳನ್ನು ಬಿಟ್ಟು, ನಿಜವಾದ ಭೂಪಟದ ಮೇಲೆ ಆಡುವ ಕ್ರೀಗ್ಸ್‌ಸ್ಪೀಲ್ ಎಂಬ ಆಟದ ನಿಯಮಗಳನ್ನು 1824ರಲ್ಲಿ ಪ್ರಕಟಿಸಿದ. ಗುಂಡೇಟಿನ ಫಲವನ್ನು ದಾಳ ನಿರ್ಧರಿಸುತ್ತಿತ್ತು. ತೀರ್ಪು ಹೇಳಲು ಒಬ್ಬ ಮಧ್ಯಸ್ಥನಿದ್ದ. ಪ್ರಷ್ಯಾದ ಸೇನೆ ತನ್ನ ಅಧಿಕಾರಿಗಳ ತರಬೇತಿಗೆ ಇದನ್ನು ಬಳಸಿಕೊಂಡಿತು.

ಬೊಂಬೆಗಳ ಕತೆ ಬೇರೆ. ಹದಿನೆಂಟನೆಯ ಶತಮಾನದಲ್ಲಿ ನ್ಯೂರೆಂಬರ್ಗ್ ನಗರದ ಕುಶಲಕರ್ಮಿಗಳು ಕಲ್ಲಿನ ಅಚ್ಚಿನಲ್ಲಿ ತವರ ಎರೆದು, ಹಾಳೆಯಂತೆ ಚಪ್ಪಟೆಯಾದ ಸೈನಿಕರನ್ನು ಮಾಡುತ್ತಿದ್ದರು. 1893ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಒಳಗೆ ಟೊಳ್ಳಾದ ಸೀಸದ ಬೊಂಬೆ ಎರೆಯುವ ವಿಧಾನವನ್ನು ಕಂಡುಕೊಂಡ. ಲೋಹ ಕಡಿಮೆ ಸಾಕಾಯಿತು, ಬೆಲೆ ಇಳಿಯಿತು, ಬೊಂಬೆ ಸೈನ್ಯ ಸಾಮಾನ್ಯರ ಮನೆಗೂ ಬಂತು. ವೈಜ್ಞಾನಿಕ ಕಾದಂಬರಿಗಳಿಂದ ಹೆಸರಾದ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು, ಇಂತಹ ಬೊಂಬೆಗಳಿಂದ ಆಡುವ ನಿಯಮಗಳನ್ನು ರೂಪಿಸಿದರು. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧ ಎಷ್ಟೋ ಮೇಲು ಎಂಬುದು ಅವರ ವಾದವಾಗಿತ್ತು. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು.

ಈಗಿನ ಬೊಂಬೆಗಳು ಹೆಚ್ಚಾಗಿ ಬಿಳಿಲೋಹದವು ಇಲ್ಲವೇ ಪ್ಲಾಸ್ಟಿಕ್ಕಿನವು. ನಾನು ಬಳಸುವ ಅಳತೆಯಲ್ಲಿ ಕಾಲಾಳು ಸುಮಾರು 28 ಮಿಲಿಮೀಟರ್ ಎತ್ತರ. ಕುದುರೆಯೂ ಸವಾರನೂ ಸೇರಿ ಅಂಗೈಯಲ್ಲಿ ಕೂರುತ್ತಾರೆ. ಮೊದಲು ಎರಕದ ಅಂಚನ್ನು ಅರದಿಂದ ಉಜ್ಜಿ ತೆಗೆಯಬೇಕು. ಸೋಪಿನ ನೀರಿನಲ್ಲಿ ತೊಳೆದು ಪ್ರೈಮರ್ ಹೊಡೆಯಬೇಕು. ನಂತರ ಕುದುರೆಗೆ ಬಣ್ಣ, ಆಮೇಲೆ ಜೀನು ಮತ್ತು ಲಗಾಮು, ಕೊನೆಗೆ ಸವಾರ. ನೀರು ಬೆರೆಸಿದ ಗಾಢ ಬಣ್ಣವನ್ನು ಮೇಲೆ ಹರಿಯಬಿಟ್ಟರೆ ಅದು ಸ್ನಾಯುಗಳ ಸಂದಿಯಲ್ಲಿ ನಿಂತು ನೆರಳಾಗುತ್ತದೆ. ಒಣಗಿದ ಮೇಲೆ ಉಬ್ಬಿದ ಕಡೆಗಳಿಗೆ ತಿಳಿ ಬಣ್ಣ ಮುಟ್ಟಿಸಿದರೆ ಕುದುರೆಗೆ ಜೀವ ಬರುತ್ತದೆ.

ಇಲ್ಲಿ ಕುದುರೆಯನ್ನು ಬಲ್ಲವರ ಮಾತು ಕೇಳಬೇಕಾಗುತ್ತದೆ. ಕಂದು ಮೈಯ ಕುದುರೆಗಳಲ್ಲಿ ಒಂದು ಜಾತಿಯ ಬಣ್ಣಕ್ಕೆ ಕತ್ತಿನ ಕೂದಲು, ಬಾಲ, ಮೊಣಕಾಲಿನ ಕೆಳಭಾಗ ಕಪ್ಪಾಗಿರುತ್ತವೆ. ಕೆಂಗಂದು ಕುದುರೆಗಾದರೆ ಕೂದಲೂ ಬಾಲವೂ ಹೆಚ್ಚುಕಡಿಮೆ ಮೈಬಣ್ಣದವೇ. ಬಿಳಿ ಕಾಲಿನ ಗೊರಸು ಸಾಮಾನ್ಯವಾಗಿ ತಿಳಿ ಬಣ್ಣದ್ದು. ಯುರೋಪಿನ ಅನೇಕ ದಳಗಳಲ್ಲಿ ಕಹಳೆಯವನಿಗೆ ಬಿಳಿ ಅಥವಾ ಬೂದು ಕುದುರೆ ಕೊಡುತ್ತಿದ್ದರು. ಗದ್ದಲದ ನಡುವೆ ಅವನನ್ನು ಬೇಗ ಗುರುತಿಸಿದರೆ ಅಧಿಕಾರಿಯ ಆಜ್ಞೆ ಬೇಗ ತಲಪುತ್ತಿತ್ತು. ಬಣ್ಣವೆಂದರೆ ಬರಿಯ ಅಲಂಕಾರವಲ್ಲ ಎಂಬುದು ನನಗೆ ಅರ್ಥವಾದದ್ದು ಹೀಗೆ.

ಲೆಕ್ಕವೂ ಪಾಠ ಹೇಳುತ್ತದೆ. ಕೆಲವು ನಿಯಮಗಳಲ್ಲಿ ಒಂದು ಬೊಂಬೆ 20 ಸೈನಿಕರಿಗೆ ಸಮ. ಬೂದು ಕುದುರೆಗಳಿಗೆ ಹೆಸರಾದ ಬ್ರಿಟಿಷರ ‘ಸ್ಕಾಟ್ಸ್ ಗ್ರೇಸ್’ ದಳದಲ್ಲಿ 1815ರ ಜೂನ್ 18ರಂದು ವಾಟರ್ಲೂ ರಣರಂಗದಲ್ಲಿ ಸುಮಾರು 400 ಸವಾರರಿದ್ದರು. ಅಂದರೆ ನನ್ನ ಮೇಜಿನ ಮೇಲೆ 20 ಬೊಂಬೆಗಳು. ಆ ದಳ ಫ್ರೆಂಚ್ ಕಾಲಾಳುಗಳನ್ನು ಚದುರಿಸಿ, ಅವರ ಹದ್ದಿನ ಲಾಂಛನವೊಂದನ್ನೂ ಕಿತ್ತುಕೊಂಡಿತು. ಆದರೆ ಗೆದ್ದ ಭರದಲ್ಲಿ ನಿಲ್ಲದೆ ಮುಂದೆ ನುಗ್ಗಿತು. ದಣಿದ ಕುದುರೆಗಳ ಮೇಲೆ ಫ್ರೆಂಚರ ಈಟಿ ಸವಾರರು ಎರಗಿದರು. ಹೆಚ್ಚುಕಡಿಮೆ ಅರ್ಧದಷ್ಟು ಸವಾರರು ಸತ್ತರು ಇಲ್ಲವೇ ಗಾಯಗೊಂಡರು. ಆಟದಲ್ಲಿ, ನುಗ್ಗಿದ ಅಶ್ವದಳವನ್ನು ಹಿಂದಕ್ಕೆ ಕರೆಯುವುದು ಕಷ್ಟ ಎಂಬ ನಿಯಮ ಇಂತಹ ಅನುಭವದಿಂದಲೇ ಬಂದದ್ದು. 20 ಬೊಂಬೆಗಳಿಗೆ ಬಣ್ಣ ಹಚ್ಚಲು ವಾರಗಟ್ಟಲೆ ಕೂತವನು ಅವುಗಳಲ್ಲಿ 10ನ್ನು ಮೇಜಿನಿಂದ ತೆಗೆಯುವಾಗ ‘ಅರ್ಧ’ ಎಂಬ ಮಾತಿನ ಭಾರ ತಿಳಿಯುತ್ತದೆ.

ವಾಟರ್ಲೂವಿನ ದಳಗಳ ಗುಂಡಿಯ ಬಣ್ಣದವರೆಗೂ ಪುಸ್ತಕಗಳಿವೆ. ಮೈಸೂರಿನ ಕುದುರೆ ಸವಾರರಿಗೆ ಬಣ್ಣ ಹಚ್ಚಲು ಹೊರಟರೆ ಆಧಾರಗಳು ತೆಳ್ಳಗಾಗುತ್ತವೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧವನ್ನು ಚಿತ್ರಿಸಿದ್ದಾರೆ. ಶಾಲೆಯ ಪ್ರವಾಸದಲ್ಲಿ ಅದನ್ನು ನೋಡಿದವರು ನಮ್ಮಲ್ಲಿ ಅನೇಕರಿರಬಹುದು. ಸಾಲುಸಾಲು ಕುದುರೆಗಳು ಅಲ್ಲಿವೆ. ಆದರೆ ಆ ಚಿತ್ರಕ್ಕೆ ಮುಂದಿನ ಕಾಲದಲ್ಲಿ ಮರುಬಣ್ಣ ಹಚ್ಚಲಾಗಿದೆ. ಆದ್ದರಿಂದ ಅಲ್ಲಿನ ಬಣ್ಣವನ್ನೇ ಕಣ್ಣುಮುಚ್ಚಿ ನಂಬುವಂತಿಲ್ಲ. ಟಿಪ್ಪುವಿನ ಕಾಲಾಳುಗಳ ಹುಲಿಪಟ್ಟೆಯ ಅಂಗಿ ಪ್ರಸಿದ್ಧವಾಗಿದೆ. ಸಿಲ್ಲೇದಾರ ಸವಾರರದು ಬೇರೆ ರೀತಿ. ಕುದುರೆಯೂ ಆಯುಧವೂ ಅವರ ಸ್ವಂತದವು. ಕುದುರೆ ಸತ್ತರೆ ಜೀವನೋಪಾಯವೇ ಹೋದಂತೆ. ಆದ್ದರಿಂದ ನನ್ನ ಸಿಲ್ಲೇದಾರರಿಗೆ ನಾನು ಒಂದೇ ಬಣ್ಣದ ಸಮವಸ್ತ್ರ ಹಚ್ಚುವುದಿಲ್ಲ. ಒಬ್ಬೊಬ್ಬನ ರುಮಾಲೂ ಬೇರೆ, ಒಂದೊಂದು ಕುದುರೆಯೂ ಬೇರೆ.

ಕೊನೆಯದಾಗಿ ಹೈಫಾ. ಮೊದಲ ಮಹಾಯುದ್ಧದಲ್ಲಿ ಮೈಸೂರು, ಜೋಧಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಅಶ್ವದಳಗಳು ಒಂದೇ ಬ್ರಿಗೇಡಿನಲ್ಲಿ ಪ್ಯಾಲೆಸ್ಟೈನಿನಲ್ಲಿ ಹೋರಾಡಿದವು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ದಾಳಿ ನಡೆಯಿತು. ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಅಲ್ಲಿದ್ದ ಫಿರಂಗಿಗಳ ಮೇಲೆ ಎರಗಿತು. ಜೋಧಪುರದವರು ಪಟ್ಟಣಕ್ಕೆ ನುಗ್ಗಿದರು. ಎದುರಿಗೆ ಮೆಷಿನ್ ಗನ್ನುಗಳಿದ್ದವು. ಇವರ ಕೈಯಲ್ಲಿ ಈಟಿಗಳಿದ್ದವು. ಅಂದು ಸತ್ತ ಸೈನಿಕರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ನಮ್ಮ ಮೈಸೂರಿನ ಸವಾರ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಆ ದಳದ ಸ್ಮಾರಕವಿದೆ.

ಹೈಫಾದ ದಳಕ್ಕೆ ಬಣ್ಣ ಹಚ್ಚುವಾಗ ಕೆಂಪು, ನೀಲಿ, ಚಿನ್ನದ ಬಣ್ಣಗಳಿಗೆ ಕೆಲಸವಿಲ್ಲ. ಎಲ್ಲವೂ ಖಾಕಿ. ಸವಾರರೆಲ್ಲ ಒಂದೇ ರೀತಿ ಕಾಣುತ್ತಾರೆ. ಬೇರೆಬೇರೆಯಾಗಿ ಕಾಣುವುದು ಕುದುರೆಗಳು ಮಾತ್ರ. ನಮ್ಮ ಲೆಕ್ಕದ ಪುಸ್ತಕಗಳು ಸಾಮಾನ್ಯವಾಗಿ ಮರೆಯುವ ಆ ಮೂಕಪ್ರಾಣಿಗಳ ಮೇಲೆ ನನ್ನ ಹೆಚ್ಚಿನ ಸಮಯ ಕಳೆಯುತ್ತದೆ. ಆಟ ಮುಗಿದ ಮೇಲೆ ನನ್ನ ಕುದುರೆಗಳೆಲ್ಲ ಪೆಟ್ಟಿಗೆಗೆ ಮರಳುತ್ತವೆ. ಕಾರ್ಮೆಲ್ಲಿನ ಕುದುರೆಗಳಿಗೆ ಆ ಭಾಗ್ಯವಿರಲಿಲ್ಲ. ವೆಲ್ಸ್ ಹೇಳಿದ್ದರ ಅರ್ಥ ಇಷ್ಟೇ ಎಂದು ನಾನು ತಿಳಿದಿದ್ದೇನೆ.

ಶಾಲೆಯ ವಿದ್ಯಾರ್ಥಿಗಳಿಗೂ ಊರಿನವರಿಗೂ ನನ್ನದೊಂದು ವಿನಂತಿ. ದುಬಾರಿ ಬೊಂಬೆ ತರಿಸಬೇಕಾಗಿಲ್ಲ. ಕೆರೆಯ ಜೇಡಿಮಣ್ಣಿನಲ್ಲೇ ಕುದುರೆ ಮಾಡಬಹುದು. ಆದರೆ ಮಾಡುವ ಮೊದಲು ಹೊಲದ ಬದಿಯಲ್ಲಿ, ಗುಡಿಯ ಹಿಂದೆ ನಿಂತಿರುವ ವೀರಗಲ್ಲುಗಳನ್ನು ಹತ್ತಿರದಿಂದ ನೋಡಿ. ಕುದುರೆಯೇರಿದ ವೀರ ಅಲ್ಲಿದ್ದರೆ ಅವನ ಜೀನು ಹೇಗಿದೆ, ರಿಕಾಪು ಇದೆಯೇ, ಕೈಯಲ್ಲಿರುವುದು ಕತ್ತಿಯೋ ಈಟಿಯೋ ಎಂದು ಬರೆದಿಟ್ಟುಕೊಳ್ಳಿ. ಹಿರಿಯರು ದಂಡಿನಲ್ಲಿದ್ದ ಮನೆಗಳಲ್ಲಿ ಹಳೆಯ ಭಾವಚಿತ್ರ, ಪದಕ, ಪಿಂಚಣಿ ಕಾಗದಗಳಿದ್ದರೆ ಗುಜರಿಗೆ ಹಾಕದೆ ಶಾಲೆಗೆ ತಂದು ತೋರಿಸಿ. ಇತಿಹಾಸದ ಮೇಷ್ಟ್ರು ಅವುಗಳ ಪಟ್ಟಿ ಮಾಡಿದರೆ ಸಾಕು. ವಾಟರ್ಲೂವಿನ ಸವಾರನ ಗುಂಡಿಯನ್ನು ಅವನ ಊರಿನವರು ಬರೆದಿಟ್ಟರು. ನಮ್ಮ ಸವಾರನ ರುಮಾಲಿನ ಬಣ್ಣವನ್ನು ಬರೆದಿಡಬೇಕಾದವರು ನಾವು.