ಕೊಂಬಿಲ್ಲದ ಶಿರಸ್ತ್ರಾಣ

ಓಸ್ಲೋ ನಗರದ ‘ವೈಕಿಂಗ್ ಪ್ಲ್ಯಾನೆಟ್’ ಡಿಜಿಟಲ್ ವಸ್ತುಸಂಗ್ರಹಾಲಯ. ಅಲ್ಲಿ ಗಾಜಿನ ಪೆಟ್ಟಿಗೆಗಳಿಗಿಂತ ಪರದೆಗಳೇ ಪ್ರಧಾನ. ವಿಆರ್ ಕನ್ನಡಕ ಧರಿಸಿದೊಡನೆ ನಾವೇ ವೈಕಿಂಗ್ ಹಡಗನ್ನೇರಿರುತ್ತೇವೆ. ರೋಮಾಂಚನವೇನೋ ಆಗುತ್ತದೆ; ಆದರೆ 793ರಲ್ಲಿ ಲಿಂಡಿಸ್‌ಫಾರ್ನ್ ಮಠದ ಮೇಲೆ ಎರಗಿದವರ ಹಡಗಿನಲ್ಲಿ ಕುಳಿತವನಿಗೆ ದಡದ ಸನ್ಯಾಸಿಗಳ ಭಯ ಕಂಡೀತೇ?

ವೈಕಿಂಗರ ತಲೆಗೆ ಕೊಂಬು ಅಂಟಿಕೊಂಡದ್ದು ಬಹುಮಟ್ಟಿಗೆ 1876ರ ವಾಗ್ನರ್ ಸಂಗೀತನಾಟಕದ ವೇಷಭೂಷಣಗಳಿಂದ. ನಾರ್ವೆಯ ಯೆರ್ಮುಂಡ್‌ಬುವಿನಲ್ಲಿ 1943ರಲ್ಲಿ ದೊರೆತ ನಿಜವಾದ ಶಿರಸ್ತ್ರಾಣಕ್ಕೆ ಕೊಂಬೇ ಇಲ್ಲ. ಒಂದು ರಂಗವೇಷವೇ ಇಷ್ಟು ಕಾಲ ಬಾಳಿತೆಂದರೆ, ಕಣ್ಣನ್ನೇ ಮುಚ್ಚಿ ತೋರಿಸುವ ಈ ಯಂತ್ರದ ಹೊಣೆ ಸಣ್ಣದಲ್ಲ.

ಏಕೆಂದರೆ ಮಣ್ಣು ಹೇಳುವುದು ಬೇರೆಯೇ ಕಥೆ. 1904ರಲ್ಲಿ ಅಗೆಯತೊಡಗಿದ ಓಸೆಬರ್ಗ್ ಸಮಾಧಿಯ ಹಡಗಿನಲ್ಲಿದ್ದುದು ಯೋಧನಲ್ಲ. ಇಬ್ಬರು ಸ್ತ್ರೀಯರ ಅಸ್ಥಿಗಳು, ಕೆತ್ತನೆಯ ಬಂಡಿ, ಹಿಮಗಾಡಿಗಳು, ನೇಯ್ದ ಬಟ್ಟೆಯ ಚಿಂದಿಗಳು.