ಕವಲುದಾರಿ (ಚಲನಚಿತ್ರ)

ಕವಲುದಾರಿ: 2019ರ ಏಪ್ರಿಲ್ 12ರಂದು ತೆರೆಕಂಡ ಕನ್ನಡ ಅಪರಾಧ-ಪತ್ತೇದಾರಿ ಚಲನಚಿತ್ರ. ರಚನೆ, ನಿರ್ದೇಶನ ಹೇಮಂತ್ ಎಂ. ರಾವ್ ಅವರದು, 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ನಂತರದ ಅವರ ಎರಡನೆಯ ಚಿತ್ರ. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್‌ನ ಮೊದಲ ನಿರ್ಮಾಣ. ಛಾಯಾಗ್ರಹಣ ಅದ್ವೈತ ಗುರುಮೂರ್ತಿ, ಸಂಗೀತ ಚರಣ್ ರಾಜ್.

ಬೆಂಗಳೂರಿನ ಮೆಟ್ರೊ ಕಾಮಗಾರಿ ಸ್ಥಳದಲ್ಲಿ ಸಿಕ್ಕ ಅಸ್ಥಿಗಳ ಜಾಡು ಹಿಡಿಯುವ ಸಂಚಾರ ಪೊಲೀಸ್ ಅಧಿಕಾರಿ ಶ್ಯಾಮ್ (ರಿಷಿ), ದಶಕಗಳ ಹಿಂದೆ ಅದೇ ಪ್ರಕರಣದಲ್ಲಿ ಸೋತ ನಿವೃತ್ತ ಅಧಿಕಾರಿ ಮುತ್ತಣ್ಣ (ಅನಂತ್ ನಾಗ್) ಕಥೆಯ ಎರಡು ಕೇಂದ್ರಗಳು. ಅಚ್ಯುತ್ ಕುಮಾರ್ ಪತ್ರಕರ್ತನ ಪಾತ್ರದಲ್ಲಿದ್ದಾರೆ. ಹೊಡೆದಾಟಕ್ಕಿಂತ ವಿಚಾರಣೆ, ಹಳೆಯ ಕಡತ, ಸಾಕ್ಷಿಗಳ ನೆನಪು ಕಥೆಯನ್ನು ಮುಂದೊಯ್ಯುತ್ತವೆ. 1970ರ ದಶಕ ಹಾಗೂ ವರ್ತಮಾನದ ನಡುವೆ ಓಡಾಡುವ ಚಿತ್ರಕಥೆ ಮಾಹಿತಿಯನ್ನು ಕಂತುಕಂತಾಗಿ ಬಿಟ್ಟುಕೊಡುತ್ತದೆ. ತಿರುವುಗಳು ಹುಟ್ಟುವುದು ಈ ತಡೆಹಿಡಿಯುವಿಕೆಯಿಂದ. ತನಿಖೆಗೆ ಅಧಿಕಾರವಿಲ್ಲದ ಸಂಚಾರ ವಿಭಾಗದವನನ್ನು ನಾಯಕನಾಗಿಸಿದ್ದು ಮುಖ್ಯ ವೈಶಿಷ್ಟ್ಯ. ಅನಂತ್ ನಾಗ್ ಅವರ ಪಾತ್ರವೇ ಚಿತ್ರದ ಹೆಚ್ಚಿನ ತೂಕವನ್ನು ಹೊತ್ತಿದೆ.

2021ರಲ್ಲಿ ತಮಿಳಿನಲ್ಲಿ 'ಕಬಡದಾರಿ', ತೆಲುಗಿನಲ್ಲಿ 'ಕಪಟಧಾರಿ' ಎಂಬ ಹೆಸರುಗಳಲ್ಲಿ ಮರುನಿರ್ಮಾಣವಾಯಿತು. ಎರಡನ್ನೂ ಪ್ರದೀಪ್ ಕೃಷ್ಣಮೂರ್ತಿ ನಿರ್ದೇಶಿಸಿದರು.