ಹೊಳೆಯುವ ಸನೀನು

ಬಂದೂಕದ ತುದಿಗೆ ಸಿಕ್ಕಿಸುವ ಚೂರಿಗೆ ನಮ್ಮ ಹಳಬರು ಸನೀನು ಎನ್ನುತ್ತಿದ್ದರು. ಹಿಂದೂಸ್ತಾನಿಯ ಸಂಗೀನ್ ನಮ್ಮ ಬಾಯಲ್ಲಿ ಹೀಗೆ ಸವೆದಿದೆ. ಇಂಗ್ಲಿಷಿನ ಬಯೊನೆಟ್ ಎಂಬ ಮಾತು ಫ್ರಾನ್ಸಿನ ಬಯೋನ್ ಎಂಬ ಊರಿನ ಹೆಸರಿನಿಂದ ಹುಟ್ಟಿತೆಂದು ಬಹುಮಂದಿಯ ಮತ. ಮೊದಮೊದಲು ಅದರ ಹಿಡಿಯನ್ನೇ ಬಂದೂಕದ ಬಾಯಿಗೆ ಬೆಣೆಯಂತೆ ಜಡಿಯುತ್ತಿದ್ದರು. ಜಡಿದ ಮೇಲೆ ಗುಂಡು ಹಾರಿಸುವಂತಿಲ್ಲ! 1689ರಲ್ಲಿ ಸ್ಕಾಟ್ಲೆಂಡಿನ ಕಿಲ್ಲಿಕ್ರಾಂಕಿಯಲ್ಲಿ ಸರ್ಕಾರದ ಸಿಪಾಯಿಗಳು ಬೆಣೆ ಜಡಿಯುವಷ್ಟರಲ್ಲಿ ಬೆಟ್ಟದ ಜನ ಮೇಲೆ ಬಿದ್ದರು. ನಳಿಗೆಯ ಹೊರಗೆ ಬಳೆಯಂತೆ ತೊಡಿಸುವ ಸನೀನು ಬಂದ ಮೇಲೆಯೇ ಈ ತೊಡಕು ತಪ್ಪಿದ್ದು. ಅದನ್ನು ಫ್ರೆಂಚ್ ಸೇನೆಗೆ ತಂದವರಲ್ಲಿ ಮುಖ್ಯನಾದವನು ವೋಬಾನ್ ಎಂಬ ದುರ್ಗಶಿಲ್ಪಿ. ನಮ್ಮ ಜಿಲ್ಲೆಯವರಿಗೆ ಆತನೇನೂ ದೂರದವನಲ್ಲ. ಟಿಪ್ಪು ಸುಲ್ತಾನ 1792ರಲ್ಲಿ ಸಕಲೇಶಪುರದ ಬಳಿ ಕಟ್ಟಿಸಿದ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆ ಆತನ ಪದ್ಧತಿಯದೇ.

ಹೊಳೆನರಸೀಪುರ, ಅರಕಲಗೂಡು, ಚೆನ್ನರಾಯಪಟ್ಟಣಗಳ ಪಾಳೆಯಗಾರರ ಕಾಲಕ್ಕೆ ಭರ್ಜಿ, ಕತ್ತಿಗಳೇ ದೊಡ್ಡವು. ಮೈಸೂರು ದಂಡಿನಲ್ಲಿ ಸನೀನು ನೆಲೆಯೂರಿದ್ದು ಹೈದರ್, ಟಿಪ್ಪುಗಳ ಕಾಲದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಕೊಂಡೊಯ್ದ ಬೆಳ್ಳಿ ಕಟ್ಟಿನ ಬಂದೂಕ, ಸನೀನಿನ ಸಮೇತ, 2019ರಲ್ಲಿ ಇಂಗ್ಲೆಂಡಿನಲ್ಲಿ ಹರಾಜಾಯಿತು. ಬಂದ ಬೆಲೆ 60,000 ಪೌಂಡು.

ನಮ್ಮೂರುಗಳಲ್ಲಿ ಅಂಥದು ಸಿಕ್ಕದು. ಅಪರೂಪಕ್ಕೆ ಸಿಕ್ಕುವುದೆಂದರೆ 1907ರ ಮಾದರಿಯ, 17 ಅಂಗುಲ ಅಲಗಿನ ಸನೀನು, ಇಲ್ಲವೆ ಎರಡನೆಯ ಮಹಾಯುದ್ಧದಲ್ಲಿ ಬಂಗಾಳದ ಇಷಾಪುರ ಕಾರ್ಖಾನೆಯಲ್ಲಿ ಮಾಡಿದ ಅದರ ಗಿಡ್ಡ ರೂಪ, 12 ಅಂಗುಲದ್ದು. ಕವಾಯತಿನಲ್ಲಿ, ಗೌರವರಕ್ಷೆಯಲ್ಲಿ ಥಳಥಳಿಸಲೆಂದು ಇವುಗಳಲ್ಲಿ ಕೆಲವಕ್ಕೆ ನಿಕ್ಕಲ್, ಕ್ರೋಮಿಯಂ ಲೇಪ ಹಾಕಿಸುತ್ತಿದ್ದರು. ಸಂಗ್ರಾಹಕರು ಮರುಳಾಗುವುದು ಈ ಹೊಳಪಿಗೆ. ಆದರೆ ಕ್ರೋಮಿಯಂ ಲೇಪ ವ್ಯಾಪಾರಕ್ಕೆ ಬಂದದ್ದು 1920ರ ದಶಕದಲ್ಲಿ. ಅಲಗಿನ ಮೇಲೆ 1917 ಎಂದು ಮುದ್ರೆಯಿದ್ದು ಮೈಯೆಲ್ಲ ಕ್ರೋಮಿಯಂ ಆಗಿದ್ದರೆ, ಆ ಹೊಳಪು ಆಮೇಲೆ ಬಂದುದೆಂದು ಬೇರೆ ಹೇಳಬೇಕಾಗಿಲ್ಲ. ದಂಡಿನಲ್ಲೇ ಹಾಕಿಸಿದರೋ, ಮೊನ್ನೆ ಪೇಟೆಯಲ್ಲಿ ಹಾಕಿಸಿದರೋ ಎಂಬುದೇ ಪ್ರಶ್ನೆ.

ಅರಕಲಗೂಡಿನ ಕಡೆಯ ನನ್ನ ಹಳೆಯ ಶಿಷ್ಯನೊಬ್ಬ ಆಯುಧಪೂಜೆಯ ದಿನ ಮನೆಗೆ ಕರೆದ. ಕುಡುಗೋಲು, ಮಚ್ಚುಗಳ ನಡುವೆ ಕುಂಕುಮ ಹಚ್ಚಿದ ಸನೀನೊಂದು ಕನ್ನಡಿಯಂತೆ ಹೊಳೆಯುತ್ತಿತ್ತು. "ತಾತನದು ಮೇಷ್ಟ್ರೇ, ಯುದ್ಧಕ್ಕೆ ಹೋಗಿದ್ದರಂತೆ. ಯಾವ ಪಲ್ಟನ್ನೋ ಗೊತ್ತಿಲ್ಲ, ಕಾಗದಪತ್ರ ಒಂದೂ ಉಳಿದಿಲ್ಲ. ನೀವು ನೋಡಿ ಹೇಳುತ್ತೀರೆಂದು ಲೇಪ ಹಾಕಿಸಿ ಇಟ್ಟಿದ್ದೀನಿ" ಎಂದ. ಹಿಡಿಯ ತಲೆಯ ಮೇಲೆ ಪಲ್ಟನ್ನಿನ ಗುರುತು, ಅಂಕಿ ಹೊಡೆಯುವ ರೂಢಿಯುಂಟು. ಬೆಳಕಿಗೆ ಹಿಡಿದು ನೋಡಿದೆ. ಕಿರೀಟದ ಒಂದು ಅಂಚು, ಇಷಾಪುರವನ್ನು ಸೂಚಿಸುವ ಆರ್.ಎಫ್.ಐ. ಅಕ್ಷರಗಳ ನೆರಳು, ಅಷ್ಟೆ. ಹಿಡಿಯ ತಲೆ ನುಣ್ಣಗೆ ಬೋಳು. ಲೇಪವನ್ನು ದೂರಿ ಫಲವಿಲ್ಲ, ಅದು ಕೂದಲೆಳೆಗಿಂತ ತೆಳು. ಲೇಪ ಹಿಡಿಯಲೆಂದು ಮೊದಲು ಚಕ್ರಕ್ಕೆ ಕೊಟ್ಟು ಉಜ್ಜುತ್ತಾರಲ್ಲ, ಅಕ್ಷರಗಳನ್ನು ತಿನ್ನುವುದು ಅದು. ಹುಡುಗನ ಮುಖ ನೋಡಲಾರದೆ ನಾನು ಕಾನೂನಿನ ಮಾತು ತೆಗೆದೆ. 1959ರ ಆಯುಧ ಕಾಯಿದೆಯ ನಿಯಮಗಳು ಕತ್ತಿ, ಕಠಾರಿಗಳ ಸಾಲಿನಲ್ಲಿ ಸನೀನನ್ನೂ ಹೆಸರಿಟ್ಟು ಹೇಳುತ್ತವೆ. ಸರ್ಕಾರ ಅಧಿಸೂಚಿಸಿದ ಪ್ರದೇಶಗಳಲ್ಲಿ ಲೈಸೆನ್ಸಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ತಾತನದಾದರೂ ಠಾಣೆಯಲ್ಲಿ ಒಮ್ಮೆ ವಿಚಾರಿಸಿಬಿಡು ಎಂದೆ.

ಹೊರಡುವಾಗ ಕೇಳಿದೆ, "ಇದರ ಒರೆ ಎಲ್ಲಿ?" "ಹರಕು ಚರ್ಮ ಮೇಷ್ಟ್ರೇ, ಅಟ್ಟದ ಮೇಲೆ ಬಿದ್ದಿರಬೇಕು" ಎಂದ. ಏಣಿ ಹಾಕಿ ಇಳಿಸಿದ. ಜೇಡರಬಲೆ, ಇಲಿ ಕಡಿದ ಚರ್ಮ, ತುಕ್ಕು ಹಿಡಿದ ಬಾಯಿಕಟ್ಟು. ಅದಕ್ಕೆ ಲೇಪ ಹಾಕಿಸುವಷ್ಟು ಬೆಲೆ ಯಾರೂ ಕಟ್ಟಿರಲಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿದೆವು. ಮೂರು ಅಂಕಿಗಳು ಕಂಡವು. ಅವುಗಳ ಮೇಲೆ ಅರ್ಧ ಅಳಿಸಿದ ಎರಡು ಅಕ್ಷರ. ನಾನು ತೆಳುಕಾಗದವಿಟ್ಟು ಸೀಸದಕಡ್ಡಿಯಿಂದ ಅಚ್ಚು ತೆಗೆದುಕೊಂಡೆ.